ಚಿಲ್ಲರೆ ತಿಂಡಿ ಖರ್ಚು ಮತ್ತು ಉಳಿತಾಯ

ಮನೆಯ ಊಟದ ಹೊರತಾಗಿ ಬೇಕರಿ, ತಳ್ಳುಗಾಡಿ, ಪೆಟ್ಟಿಗೆ ಅಂಗಡಿಗಳಲ್ಲಿ ಟೀ, ಬೋಂಡಾ, ಕೂಲ್ ಡ್ರಿಂಕ್ ಎಂದು ದಿನಾ ಹತ್ತಿಪ್ಪತ್ತು ರೂಪಾಯಿಯಂತೆ ಕೈಬಿಟ್ಟು ಹೋಗುವ ಹಣವೇ ಚಿಲ್ಲರೆ ತಿಂಡಿ ಖರ್ಚು. ಮಾಲೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಮಾಸ್ತಿಯಂಥ ಊರಿನಲ್ಲಿ ಡೇರಿಗೆ ಹಾಕಿದ ಹಾಲಿಗೆ ಪುಸ್ತಕವಿರುತ್ತದೆ, ದಿನಸಿಗೆ ಚೀಟಿಯಿರುತ್ತದೆ. ಈ ಖರ್ಚಿಗೆ ಮಾತ್ರ ಲೆಕ್ಕವಿರುವುದಿಲ್ಲ.

ಹಿನ್ನೆಲೆ

ದಿನದ ಕಾಫಿ ದುಡ್ಡನ್ನು ಕೂಡಿಡುವ ವಿಚಾರವನ್ನು ಅಮೆರಿಕದ ಲೇಖಕ ಡೇವಿಡ್ ಬಾಕ್ ‘ಲಾಟೆ ಫ್ಯಾಕ್ಟರ್’ ಎಂಬ ಹೆಸರಿನಲ್ಲಿ ಜನಪ್ರಿಯಗೊಳಿಸಿದರು. ನಮ್ಮಲ್ಲೂ ಇದರ ನಂಟರಿದ್ದಾರೆ. ಅನ್ನಕ್ಕಿಡುವ ಮುನ್ನ ಒಂದು ಹಿಡಿ ಅಕ್ಕಿಯನ್ನು ಬೇರೆ ಡಬ್ಬಿಗೆ ಹಾಕುವುದು ಹೆಂಗಸರ ಹಳೆಯ ರೂಢಿ. ಹೋಟೆಲಿನ ‘ಬೈಟು’ ಕೂಡ ಉಳಿತಾಯವೇ: ಖರ್ಚು ಅರ್ಧವಾಗುತ್ತದೆ, ಮಾತುಕತೆ ಪೂರ್ತಿ ಉಳಿಯುತ್ತದೆ.

2016ರಲ್ಲಿ ಬಂದ ಯುಪಿಐ ಈ ಖರ್ಚಿನ ಸ್ವರೂಪವನ್ನು ಬದಲಿಸಿತು. ಮೊದಲು ಜೇಬಿನ ಚಿಲ್ಲರೆ ಮುಗಿದರೆ ಟೀಯೂ ಮುಗಿಯುತ್ತಿತ್ತು. ಈಗ ಸ್ಕ್ಯಾನ್ ಮಾಡಿದರಾಯಿತು. ಆದರೆ ಯಾವ ದಿನ ಎಷ್ಟು ಹೋಯಿತೆಂಬ ಪಟ್ಟಿ ಅದೇ ಫೋನಿನಲ್ಲಿದೆ. ತಿಂಗಳಿಗೊಮ್ಮೆ ಅದನ್ನು ಓದುವುದೇ ಉಳಿತಾಯದ ಮೊದಲ ಕೆಲಸ.

ಒಂದು ಮಾದರಿ ಲೆಕ್ಕ

ಮಾಸ್ತಿಯಿಂದ ಮಾಲೂರಿನ ಕೈಗಾರಿಕಾ ಪ್ರದೇಶಕ್ಕೆ ಬಸ್ಸಿನಲ್ಲಿ ಹೋಗಿಬರುವ ಒಬ್ಬ ಕೆಲಸಗಾರನನ್ನು ಊಹಿಸಿಕೊಳ್ಳಿ. 10 ರೂಪಾಯಿಯ ಮೂರು ಟೀ, 20 ರೂಪಾಯಿಯ ಬೋಂಡಾ, 20 ರೂಪಾಯಿಯ ಕೂಲ್ ಡ್ರಿಂಕ್ ಎಂದರೆ ದಿನಕ್ಕೆ 70 ರೂಪಾಯಿ. ಕೆಲಸದ ದಿನ 26 ಎಂದು ಹಿಡಿದರೆ ತಿಂಗಳಿಗೆ 1,820.

ಟೀ ಎರಡಕ್ಕೆ ಇಳಿದು, ಬೋಂಡಾದ ಜಾಗಕ್ಕೆ ಮನೆಯಲ್ಲಿ ಹುರಿದ ಕಡಲೆಕಾಯಿ, ಬಾಟಲಿಯ ಜಾಗಕ್ಕೆ ಮಜ್ಜಿಗೆ ಬಂದರೆ, ಅವೆರಡಕ್ಕೂ ಸೇರಿ ಹತ್ತು ರೂಪಾಯಿ ಹಿಡಿದರೂ ದಿನದ ಖರ್ಚು 30. ಉಳಿಯುವುದು ತಿಂಗಳಿಗೆ 1,040, ವರ್ಷಕ್ಕೆ 12,480 ರೂಪಾಯಿ.

ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು

ಮೊದಲು ಬಿಡಬೇಕಾದದ್ದು ಕೂಲ್ ಡ್ರಿಂಕ್. ಗ್ಯಾಸ್ ತುಂಬಿದ ಸಿಹಿ ಪಾನೀಯಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 40 ಜಿಎಸ್‌ಟಿ ಇದೆ. 20 ರೂಪಾಯಿಯ ಬಾಟಲಿಯಲ್ಲಿ ಸುಮಾರು 5 ರೂಪಾಯಿ 70 ಪೈಸೆ ತೆರಿಗೆಯೇ. ಬಿಸಿಲಿಗೆ ರಾಗಿ ಅಂಬಲಿ ಅಥವಾ ಮಜ್ಜಿಗೆ ಸಾಕು.

ಊಟಕ್ಕೆ ಕತ್ತರಿ ಹಾಕಬಾರದು. ಮುದ್ದೆ, ಸೊಪ್ಪಿನ ಸಾರು ಉಂಡು ಹೊರಟವನಿಗೆ ಹನ್ನೊಂದು ಗಂಟೆಯ ಬೋಂಡಾ ಅಷ್ಟಾಗಿ ನೆನಪಾಗುವುದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮಕ್ಕಳ ಹಾಲು, ಮೊಟ್ಟೆ ಕಡಿಮೆ ಮಾಡಿ ಕೂಡಿಟ್ಟರೆ ಅದು ಉಳಿತಾಯವಲ್ಲ.

ಉಳಿದ ಹಣ ಎಲ್ಲಿಗೆ?

ಟೀ ಬಿಟ್ಟ ಹಣ ಜೇಬಿನಲ್ಲೇ ಇದ್ದರೆ ಸಂಜೆಗೆ ಅದು ಪಾನಿಪುರಿಯಾಗುತ್ತದೆ. ಅಂಚೆ ಕಚೇರಿಯ ಆರ್‌ಡಿ ಖಾತೆಯನ್ನು ತಿಂಗಳಿಗೆ 100 ರೂಪಾಯಿಯಿಂದ ತೆರೆಯಬಹುದು. ಅವಧಿ 5 ವರ್ಷ. 2023ರ ಅಕ್ಟೋಬರ್‌ನಲ್ಲಿ ನಿಗದಿಯಾದ ಶೇ 6.7 ಬಡ್ಡಿಯಂತೆ ತಿಂಗಳಿಗೆ 1,000 ಕಟ್ಟಿದರೆ, 60,000 ರೂಪಾಯಿ ಕೊನೆಗೆ ಸುಮಾರು 71,300 ಆಗುತ್ತದೆ. ಕರ್ನಾಟಕದಲ್ಲಿ 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳ ವಾರದ ಉಳಿತಾಯವೂ ಇದಕ್ಕೆ ಒಗ್ಗುತ್ತದೆ: ಎಲ್ಲರೆದುರು ಕಟ್ಟುವ ಹಣವನ್ನು ತಪ್ಪಿಸುವುದು ಸುಲಭವಲ್ಲ.

ಮಿತಿ

ಮದುವೆ ಸಾಲ, ಆಸ್ಪತ್ರೆ ಬಿಲ್ಲು, ಮಳೆಯಿಲ್ಲದ ವರ್ಷ ಇವನ್ನೆಲ್ಲ ಟೀ ದುಡ್ಡು ತೀರಿಸದು. ದಿನಗೂಲಿ ಸರಿಯಾಗಿ ಸಿಗದವನಿಗೆ ಟೀ ಬಿಡು ಎನ್ನುವುದು ಉಪದೇಶವಷ್ಟೇ. ಆದರೆ ಶಾಲೆ ತೆರೆಯುವ ಜೂನ್‌ನಲ್ಲಿ ಪುಸ್ತಕ, ಸಮವಸ್ತ್ರಕ್ಕೆಂದು ಕೈಸಾಲ ಮಾಡುವ ಮನೆಗೆ ವರ್ಷದ 12,480 ರೂಪಾಯಿ ಚಿಲ್ಲರೆಯಲ್ಲ.