ಪೊಳ್ಳು ಸೀಸದ ಸಿಪಾಯಿಗಳು

1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಸಂಸ್ಥೆ ಕರಗಿದ ಸೀಸವನ್ನು ಅಚ್ಚಿಗೆ ಸುರಿದು, ಹೊರಪದರ ಗಟ್ಟಿಯಾದೊಡನೆ ಉಳಿದದ್ದನ್ನು ಹೊರಚೆಲ್ಲಿ, ಪೊಳ್ಳು ಸಿಪಾಯಿಗಳನ್ನು ಎರಕ ಹೊಯ್ಯತೊಡಗಿತು. ಲೋಹ ಉಳಿಯಿತು, ಬೆಲೆ ಇಳಿಯಿತು. ಬ್ರಿಟನ್ನಿನ ಪೇಟೆಯಲ್ಲಿ ಜರ್ಮನಿಯ ಗಟ್ಟಿ ಎರಕದ ಗೊಂಬೆಗಳು ಹಿಂದೆ ಬಿದ್ದವು. ಸುಮಾರು 54 ಮಿ.ಮೀ. ಎತ್ತರದ ಈ ಪೊಳ್ಳು, ಬಣ್ಣದ ಗೊಂಬೆಗಳಾಗಿ ಇಡೀ ಬ್ರಿಟಿಷ್ ಸಾಮ್ರಾಜ್ಯವೇ, ಭಾರತದ ಅಶ್ವದಳವೂ ಸೇರಿ, ಮಧ್ಯಮವರ್ಗದ ಮಕ್ಕಳ ಕೋಣೆಗೆ ಬಂತು. ಒಂದು ಕಾಲ ತನ್ನ ಮಕ್ಕಳಿಗೆ ಯುದ್ಧವನ್ನು ಹೇಗೆ ಪರಿಚಯಿಸಿತು ಎಂಬುದಕ್ಕೆ ಇವುಗಳಿಗಿಂತ ಪ್ರಾಮಾಣಿಕ ದಾಖಲೆ ಅಪರೂಪ ಎಂದು ನಾನು ನಂಬುತ್ತೇನೆ. ಇಂಥವನ್ನು ಕೂಡಿಡುವುದು ಯುದ್ಧದ ವೈಭವೀಕರಣವಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. 1930ರ ದಶಕದಲ್ಲಿ ಜರ್ಮನಿಯ ಹೌಸರ್ ಕಂಪನಿ ಮರದ ಪುಡಿ, ಅಂಟು ಕಲಸಿ ಹಿಟ್ಲರನ ಗೊಂಬೆಯನ್ನೂ ಮಾಡಿತ್ತು. ಆದರೆ ಅದನ್ನು ನಾಶಮಾಡಿದರೆ, ಪ್ರಚಾರವು ಆಟಿಕೆಯ ಡಬ್ಬಿಯೊಳಗೂ ಹೊಕ್ಕಿತ್ತೆಂಬ ಸಾಕ್ಷಿಯೇ ಅಳಿಯುತ್ತದೆ. ಕಾಲ, ತಯಾರಕ, ಉದ್ದೇಶ ಬರೆದ ಚೀಟಿಯಿಲ್ಲದೆ ಅದನ್ನು ಬರೀ ಶೋಕಿಗೆ ಜೋಡಿಸಿಡುವವರ ಮಟ್ಟಿಗೆ ಮಾತ್ರ ಆ ಆಕ್ಷೇಪ ನಿಂತೇ ನಿಲ್ಲುತ್ತದೆ.