ವೆಲ್ಡಿಂಗ್ ಎಲೆಕ್ಟ್ರೋಡ್

ವಿದ್ಯುತ್ ಚಾಪದ ಕಾವಿಗೆ ತಾನೂ ಕರಗಿ ಲೋಹದ ತುಂಡುಗಳನ್ನು ಬೆಸೆಯುವ, ಲೇಪನ ಹೊದಿಸಿದ ಲೋಹದ ಕಡ್ಡಿ. ವರ್ಕ್‌ಶಾಪುಗಳಲ್ಲಿ ಇದನ್ನು ವೆಲ್ಡಿಂಗ್ ರಾಡ್ ಎನ್ನುತ್ತಾರೆ. ಸಾಮಾನ್ಯ ಉಕ್ಕಿಗೆ ಬಳಸುವ ರಾಡುಗಳ ಒಳಗಿನ ತಂತಿ ಹೆಚ್ಚುಕಡಿಮೆ ಒಂದೇ. ಗುಣಭೇದ ಬರುವುದು ಮುಖ್ಯವಾಗಿ ಲೇಪನದಿಂದ.

ಆರಂಭ: ನಿಕೊಲಾಯ್ ಬೆನಾರ್ಡೋಸ್ ಮತ್ತು ಸ್ಟಾನಿಸ್ಲಾವ್ ಓಲ್ಶೆವ್ಸ್ಕಿ 1880ರ ದಶಕದಲ್ಲಿ ಇಂಗಾಲದ ಕಡ್ಡಿಯಿಂದ ಚಾಪ ಹೊತ್ತಿಸಿ ಬೆಸೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. 1888ರಲ್ಲಿ ರಷ್ಯಾದ ನಿಕೊಲಾಯ್ ಸ್ಲಾವ್ಯಾನೊವ್ ಇಂಗಾಲದ ಬದಲು ಲೋಹದ ಕಡ್ಡಿಯನ್ನೇ ಕರಗಿಸಿದ. 1890ರಲ್ಲಿ ಡೆಟ್ರಾಯಿಟ್‌ನ ಚಾರ್ಲ್ಸ್ ಕಾಫಿನ್ ಇಂಥದೇ ವಿಧಾನಕ್ಕೆ ಅಮೆರಿಕದ ಪೇಟೆಂಟ್ ಪಡೆದ. ಬರಿ ಕಡ್ಡಿಯಿಂದ ಬೆಸೆದಾಗ ಗಾಳಿಯ ಆಮ್ಲಜನಕ, ಸಾರಜನಕಗಳು ಕರಗಿದ ಲೋಹಕ್ಕೆ ಸೇರಿ ಬೆಸುಗೆ ಪೆಡಸಾಗುತ್ತಿತ್ತು, ಅದರಲ್ಲಿ ತೂತುಗಳೂ ಉಳಿಯುತ್ತಿದ್ದವು.

ಲೇಪನ: ಹಡಗು, ಬಾಯ್ಲರುಗಳ ದುರಸ್ತಿಯಲ್ಲಿ ತೊಡಗಿದ್ದ ಸ್ವೀಡನ್ನಿನ ಆಸ್ಕರ್ ಶೆಲ್‌ಬರ್ಗ್ ಈ ದೋಷ ತಡೆಯಲು ತಂತಿಯನ್ನು ಕಾರ್ಬೊನೇಟ್ ಮತ್ತು ಸಿಲಿಕೇಟ್‌ಗಳ ಗಟ್ಟಿ ಮಿಶ್ರಣದಲ್ಲಿ ಅದ್ದಿ ಒಣಗಿಸಿದ. 1904ರಲ್ಲಿ ಆತ ಗೋಥೆನ್‌ಬರ್ಗ್‌ನಲ್ಲಿ ಎಸಾಬ್ ಸಂಸ್ಥೆ ಕಟ್ಟಿದ. ಇಂಗ್ಲೆಂಡಿನ ಸ್ಟ್ರೋಮೆಂಗರ್ ತಂತಿಗೆ ಕಲ್ನಾರಿನ ನೂಲು ಸುತ್ತಿದ. ಪೂರ್ಣ ಬೆಸುಗೆಯ ಹಡಗು ‘ಫುಲ್ಲಗರ್’ 1920ರಲ್ಲಿ ಬರ್ಕನ್‌ಹೆಡ್‌ನಲ್ಲಿ ನೀರಿಗಿಳಿಯಿತು. 1920ರ ದಶಕದ ಕೊನೆಯಲ್ಲಿ ಲೇಪನವನ್ನು ಯಂತ್ರದ ಒತ್ತಡದಿಂದ ತಂತಿಯ ಸುತ್ತ ಹೊದಿಸುವ ಪದ್ಧತಿ ಬಂದ ಮೇಲೆ ರಾಡುಗಳ ಬೆಲೆ ಇಳಿದು ಬಳಕೆ ಹರಡಿತು.

ಬಗೆಗಳು: ಅಮೆರಿಕದ ಸಂಕೇತಪದ್ಧತಿಯಲ್ಲಿ ಮೊದಲ ಎರಡು ಅಂಕೆಗಳು ಬೆಸುಗೆಲೋಹದ ಕನಿಷ್ಠ ಕರ್ಷಣಬಲವನ್ನು ಸಾವಿರ ಪೌಂಡುಗಳಲ್ಲಿ, ಚದರ ಇಂಚಿಗೆ ಇಷ್ಟೆಂದು ಸೂಚಿಸುತ್ತವೆ. ಮೂರನೆಯದು ಬೆಸೆಯುವ ಭಂಗಿ. ಕೊನೆಯ ಎರಡನ್ನು ಕೂಡಿಸಿ ಓದಿದರೆ ಲೇಪನ ಮತ್ತು ವಿದ್ಯುತ್ತಿನ ಬಗೆ ತಿಳಿಯುತ್ತದೆ.

ಇ6010ರ ಸೆಲ್ಯುಲೋಸ್ ಲೇಪನ ಉರಿದು ಅನಿಲದ ಹೊದಿಕೆ ಕೊಡುತ್ತದೆ. ಚಾಪ ಆಳಕ್ಕೆ ಇಳಿಯುವುದರಿಂದ ಕೊಳವೆಮಾರ್ಗಗಳ ಮೊದಲ ಪದರಕ್ಕೆ ಇದೇ ರೂಢಿ. ಇದಕ್ಕೆ ಡಿಸಿ ವಿದ್ಯುತ್ ಬೇಕು. ಎಸಿಯಲ್ಲೂ ನಡೆಯುವ ಜೋಡಿ ಇ6011. ಟೈಟಾನಿಯಂ ಆಕ್ಸೈಡ್ ಪ್ರಧಾನವಾದ ಇ6013ರ ಚಾಪ ಶಾಂತ, ಬೆಸುಗೆಯ ಮೇಲೆ ಕಟ್ಟುವ ಕಿಟ್ಟ (ಸ್ಲ್ಯಾಗ್) ಸುಲಭವಾಗಿ ಕಳಚುತ್ತದೆ. ಆಳ ಮಾತ್ರ ಕಡಿಮೆ. ಗೇಟು, ಗ್ರಿಲ್, ತೆಳು ತಗಡುಗಳಿಗೆ ಇದು ಹೊಂದುತ್ತದೆ. ಇ7024ರ ದಪ್ಪ ಲೇಪನದಲ್ಲಿ ಕಬ್ಬಿಣದ ಪುಡಿ ಹೇರಳವಾಗಿರುವುದರಿಂದ ಲೋಹ ಬೇಗ ತುಂಬುತ್ತದೆ. ಆದರೆ ಕರಗಿದ ಲೋಹ ಹೆಚ್ಚಾಗಿ ಹರಿಯುವುದರಿಂದ ಸಮತಲ, ಅಡ್ಡ ಬೆಸುಗೆಗಳಿಗಷ್ಟೇ ಸಲ್ಲುತ್ತದೆ.

ಬೆಸುಗೆಯಲ್ಲಿ ಸಿಕ್ಕಿಕೊಂಡ ಹೈಡ್ರೋಜನ್, ಗಡಸು ಉಕ್ಕು ತಣಿದ ಮೇಲೆ ಅದನ್ನು ಸೀಳಬಲ್ಲದು. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳ ಕವಚ ಬೆಸೆಯುವಾಗ ಎದ್ದ ಈ ತೊಡಕು, ಸುಣ್ಣಕಲ್ಲು ಮತ್ತು ಫ್ಲೋರೈಡ್ ಆಧಾರದ ಕಡಿಮೆ ಹೈಡ್ರೋಜನ್ ರಾಡುಗಳ ಬೆಳವಣಿಗೆಗೆ ಒತ್ತು ಕೊಟ್ಟಿತು. ಈ ಗುಂಪಿನ ಇ7018 ಈಗ ಸೇತುವೆ, ಬಾಯ್ಲರ್, ದಪ್ಪ ಚೌಕಟ್ಟುಗಳ ಆಯ್ಕೆ. ಲೇಪನ ತೇವ ಹೀರಿದರೆ ಆ ತೇವದಿಂದಲೇ ಹೈಡ್ರೋಜನ್ ಸೇರಿ ಅದರ ಪ್ರಯೋಜನವೇ ಹೋಗುತ್ತದೆ; ಆದ್ದರಿಂದ ಪೊಟ್ಟಣ ಒಡೆದ ಮೇಲೆ ಸುಮಾರು 120–150 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿಡುತ್ತಾರೆ.

ಭಾರತದಲ್ಲಿ: ಐಎಸ್ 814 ಮಾನಕ ಲೇಪನವನ್ನು ಅಕ್ಷರದಿಂದ ಗುರುತಿಸುತ್ತದೆ: ಸೆಲ್ಯುಲೋಸ್‌ಗೆ ಸಿ, ರೂಟೈಲ್‌ಗೆ (ಟೈಟಾನಿಯಂ ಆಕ್ಸೈಡ್) ಆರ್, ಕ್ಷಾರೀಯಕ್ಕೆ (ಸುಣ್ಣಕಲ್ಲು, ಫ್ಲೋರೈಡ್) ಬಿ. ಅಂಗಡಿಗಳಲ್ಲಿ 3.15 ಮಿ.ಮೀ. ರಾಡನ್ನು ಹತ್ತು ಗೇಜು, 2.5 ಮಿ.ಮೀ. ರಾಡನ್ನು ಹನ್ನೆರಡು ಗೇಜು ಎಂದು ಕೇಳುವ ರೂಢಿ ಇನ್ನೂ ಇದೆ.