ತೂಗು, ಸರಿತೂಗು

ತೊಟ್ಟಿಲನ್ನೂ ತೂಗುತ್ತೇವೆ, ತೊಗರಿಬೇಳೆಯನ್ನೂ ತೂಗುತ್ತೇವೆ. ಒಂದು ಓಲಾಡಿಸುವ ಕೆಲಸ, ಇನ್ನೊಂದು ಭಾರ ನೋಡುವ ಕೆಲಸ. ಎರಡಕ್ಕೂ ಕನ್ನಡದಲ್ಲಿ ಮಾತು ಒಂದೇ. ಯಾಕೆಂದು ಹಿಂದಿನ ಕಿರಾಣಿ ಅಂಗಡಿ ಕಂಡವರಿಗೆ ಹೇಳಬೇಕಾಗಿಲ್ಲ. ಅಂಗಡಿಯವರು ತಕ್ಕಡಿ ಎತ್ತಿ ಹಿಡಿದರೆ ಒಂದು ತಟ್ಟೆಯಲ್ಲಿ ತೂಕದ ಕಲ್ಲು, ಇನ್ನೊಂದರಲ್ಲಿ ಬೇಳೆ. ನಡುವಿನ ಮುಳ್ಳು ಅತ್ತಿತ್ತ ಆಡಿ ನೆಟ್ಟಗಾಗುವವರೆಗೆ ಗಿರಾಕಿಯ ಕಣ್ಣೂ ಅಂಗಡಿಯವರ ಕಣ್ಣೂ ಅಲ್ಲೇ ಇರುತ್ತಿದ್ದವು. ತೂಗಾಡದೆ ತೂಕ ತಿಳಿಯುತ್ತಿರಲಿಲ್ಲ. ಈಗ ಬೆಂಗಳೂರಿನ ಜಯನಗರ 4ನೇ ಬ್ಲಾಕಿನ ತರಕಾರಿ ಗಾಡಿಯ ಮೇಲೂ ಕೆಂಪು ಅಂಕಿಯ ಯಂತ್ರ ಕೂತಿದೆ. ಅದು ತೂಕವನ್ನು ಹೇಳುತ್ತದೆ, ಆದರೆ ಏನೂ ಅಲ್ಲಾಡುವುದಿಲ್ಲ. ಈಗಿನ ಮಕ್ಕಳಿಗೆ ಈ ಮಾತಿನ ಎರಡು ಅರ್ಥಗಳ ನಡುವಿನ ಸೇತುವೆಯೇ ಕಾಣದಂತಾಗಿದೆ ಎಂಬುದು ನನಗೆ ನಿಜವಾಗಿ ನೋವಿನ ವಿಷಯ.

ಈ ಧಾತುವಿನ ಬಳಗ ದೊಡ್ಡದು. ತೂಗುದೀಪ, ತೂಗುಸೇತುವೆ, ತೂಗುಯ್ಯಾಲೆ ಎಲ್ಲ ಒಂದು ಮನೆಯವು. ನಿದ್ದೆ ಎಳೆದವರ ತಲೆ ಅತ್ತಿತ್ತ ವಾಲುವುದೇ ತೂಕಡಿಕೆ. ಬಿಟಿಎಂ ಲೇಔಟಿನ ಒಂದೇ ಬೀದಿಯಲ್ಲಿ ಇದರ ದಾಯಾದಿಗಳೂ ಸಿಗುತ್ತಾರೆ: ತೆಲುಗಿನವರ ತೂಕವೂ ನಮ್ಮ ತೂಕವೂ ಒಂದೇ, ತಮಿಳಿನವರು ತೂಂಗು ಎಂದರೆ ನಿದ್ದೆ ಮಾಡು ಎಂದರ್ಥ. ಬನಶಂಕರಿ 2ನೇ ಹಂತದ ರಾಮ ಲಲಿತಕಲಾ ಮಂದಿರದಲ್ಲಿ ಕಛೇರಿ ಕೇಳುವ ಹಿರಿಯರು ಒಂದು ಸಂಗತಿ ಚೆನ್ನಾಗಿ ಕೂತಾಗ ತಲೆದೂಗುತ್ತಾರೆ. ಅಲ್ಲಿ ತಲೆ ಆಡುವುದೂ ಸಂಗೀತದ ಬೆಲೆ ಕಟ್ಟುವುದೂ ಒಟ್ಟೊಟ್ಟಿಗೇ ನಡೆಯುತ್ತವೆ. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು 'ಸಂಸಾರ ತೂಗಿಸುವುದು'. ಬರುವ ಸಂಬಳ ಇಷ್ಟು, ಆಗುವ ಖರ್ಚು ಅಷ್ಟು. ಎರಡೂ ಎಂದೂ ಸಮ ಆಗುವುದಿಲ್ಲ. ಆದರೂ ಮನೆ ವಾಲದ ಹಾಗೆ ನೋಡಿಕೊಳ್ಳುವ ಜಾಣ್ಮೆಗೆ ಆ ಹೆಸರು.

ಚಿತ್ರ, ಶಿಲ್ಪ, ವಿನ್ಯಾಸದ ಪಾಠಗಳಲ್ಲಿ ಮಾತ್ರ ಈ ಪದ ಕಾಣುವುದಿಲ್ಲ. ಪುಸ್ತಕದಲ್ಲಿ ಸಮತೋಲನ, ಬಾಯಲ್ಲಿ ಬ್ಯಾಲೆನ್ಸ್. ಸಮತೋಲನದ ಮೇಲೆ ನನ್ನದೊಂದೇ ತಕರಾರು: ಅದರ 'ಸಮ' ಕಲಿಯುವವರನ್ನು ಮೊದಲ ದಿನವೇ ದಾರಿ ತಪ್ಪಿಸುತ್ತದೆ. ಎಡಗಡೆ ಇದ್ದಷ್ಟು ಬಲಗಡೆಯೂ ಇರಬೇಕು ಎಂದು ಅವರು ತಿಳಿಯುತ್ತಾರೆ. ಸರಿತೂಗು ಎಂದರೆ ಆ ತಪ್ಪು ತಿಳಿವಳಿಕೆಗೆ ಜಾಗ ಇರುವುದಿಲ್ಲ. ಬೇಳೆಯೂ ಕಲ್ಲೂ ಒಂದೇ ಥರ ಇಲ್ಲ, ಒಂದೇ ಗಾತ್ರವೂ ಅಲ್ಲ, ಆದರೂ ತೂಗುತ್ತವೆ.

ಎರಡು ಕಡೆಯೂ ಒಂದೇ ಆಗಿರುವುದು ತೂಗುವ ಬಗೆಗಳಲ್ಲಿ ಒಂದು, ಅತ್ಯಂತ ಸುಲಭದ್ದು. ಜಯನಗರದ ಅಶೋಕ ಸ್ತಂಭ ಅಂಥದ್ದು. 1948ರಲ್ಲಿ ಬಡಾವಣೆಗೆ ಬುನಾದಿ ಬಿದ್ದಾಗಿನ ಗುರುತು ಅದು. ಬೆನ್ನಿಗೆ ಬೆನ್ನು ಕೊಟ್ಟ ಸಿಂಹಗಳು, ಯಾವ ರಸ್ತೆಯಿಂದ ಬಂದರೂ ಒಂದೇ ಗಾಂಭೀರ್ಯ. ಹೊಸ ಬಡಾವಣೆಯಲ್ಲಿ ನಿಲ್ಲಿಸಲು ಅದು ಸರಿಯಾದ ಆಯ್ಕೆ. ಮನೆ ಮುಂದಿನ ಚುಕ್ಕಿ ರಂಗೋಲಿಯೂ ಹೀಗೇ, ನೇರ ಚುಕ್ಕಿ ಆದರೂ ಸಂದು ಚುಕ್ಕಿ ಆದರೂ.

ಆದರೆ ಅದೇ ಜಯನಗರದಲ್ಲಿ ಭಾದ್ರಪದದಲ್ಲಿ ಮಾರಾಟಕ್ಕೆ ಕೂರುವ ಗಣಪತಿಯನ್ನು ನೋಡಿ. ದಂತ ಒಂದು ಪೂರ್ತಿ, ಇನ್ನೊಂದು ಮುರಿದದ್ದು. ಎಡಮುರಿ ಗಣಪತಿಯಾದರೆ ಅಷ್ಟು ದಪ್ಪ ಸೊಂಡಿಲು ಪೂರ್ತಿ ಒಂದೇ ಕಡೆಗೆ ತಿರುಗಿ ಮೋದಕಕ್ಕೆ ಚಾಚಿದೆ. ಒಂದು ಕಾಲು ಮಡಿಸಿದ್ದು, ಇನ್ನೊಂದು ಇಳಿಬಿಟ್ಟದ್ದು. ಇಲಿ ಒಂದೇ ಪಕ್ಕಕ್ಕೆ. ಲೆಕ್ಕ ಹಾಕಿದರೆ ಮೂರ್ತಿ ವಾಲಿದಂತೆ ಕಾಣಬೇಕು, ಕಾಣುವುದಿಲ್ಲ. ನಡುವಿನ ದುಂಡು ಹೊಟ್ಟೆ ಎಲ್ಲವನ್ನೂ ಹಿಡಿದು ಕೂರಿಸುತ್ತದೆ; ಸೊಂಡಿಲು ಎಡಕ್ಕೆ ಎಳೆದದ್ದನ್ನು ಎತ್ತಿದ ಅಭಯಹಸ್ತ ಬಲಕ್ಕೆ ಎಳೆದುಕೊಳ್ಳುತ್ತದೆ.

ಇದು ಹೇಗೆ ಸಾಧ್ಯ ಎಂಬುದಕ್ಕೆ ಪಾರ್ಕಿನ ಸೀಸಾ ಸಾಕು. 60 ಕಿಲೋ ತೂಕದ ಅಪ್ಪ ನಡುಗಂಬದಿಂದ ಅರ್ಧ ಮೀಟರಿನಲ್ಲಿ ಕೂತರೆ, ಒಂದೂವರೆ ಮೀಟರು ದೂರದ ತುದಿಯಲ್ಲಿ ಕೂತ 20 ಕಿಲೋದ ಮಗಳು ಅವನನ್ನು ತೂಗುತ್ತಾಳೆ. ಭಾರದಷ್ಟೇ ದೂರವೂ ಮುಖ್ಯ. ಕಣ್ಣಿಗೂ ಹೀಗೆಯೇ ಎಂದು ರುಡಾಲ್ಫ್ ಆರ್ನ್‌ಹೈಮ್ ಎಂಬ ಮನಶ್ಶಾಸ್ತ್ರಜ್ಞ ಕಲೆ ಮತ್ತು ನೋಟದ ಬಗ್ಗೆ 1954ರಲ್ಲಿ ಬರೆದ ದೊಡ್ಡ ಪುಸ್ತಕದಲ್ಲಿ ವಿವರಿಸಿದ. ಚಿತ್ರದ ನಡುವಿನಿಂದ ದೂರ ಸರಿದಷ್ಟೂ ಸಣ್ಣದಕ್ಕೂ ಭಾರ ಬರುತ್ತದೆ. ಮೇಲಿರುವುದು ಕೆಳಗಿರುವುದಕ್ಕಿಂತ ಭಾರ. ಒಂಟಿಯಾಗಿ ನಿಂತದ್ದು ಗುಂಪಿನಲ್ಲಿರುವುದಕ್ಕಿಂತ ಭಾರ. ನೀಲಿಗಿಂತ ಕೆಂಪು ಭಾರ. ಮೈಸೂರು ಶೈಲಿಯ ಚಿತ್ರಗಳಲ್ಲಿ ಬಂಗಾರದ ರೇಕನ್ನು ಅಂಗುಲ ಅಂಗುಲ ಯೋಚಿಸಿ ಹಚ್ಚುವುದು ಇದಕ್ಕೇ. ಎಲ್ಲೋ ಮೂಲೆಯಲ್ಲಿ ಒಂದು ಚೂರು ಹೆಚ್ಚಾದರೂ ದೇವಿಯ ಮುಖದಿಂದ ಕಣ್ಣು ಅಲ್ಲಿಗೆ ಓಡುತ್ತದೆ.

ನಮ್ಮ ಶಿಲ್ಪಿಗಳಿಗೆ ಇದು ಪುಸ್ತಕಕ್ಕೆ ಮೊದಲೇ ಗೊತ್ತಿತ್ತು, ಹೆಸರುಗಳೂ ಇದ್ದವು. ಎರಡೂ ಕಾಲಿನ ಮೇಲೆ ಭಾರ ಹೊತ್ತು ನೆಟ್ಟಗೆ ನಿಂತರೆ ಸಮಭಂಗ, ಸ್ವಲ್ಪ ಒನೆದರೆ ಆಭಂಗ, ಸೊಂಟ ಎದೆ ತಲೆ ಮೂರೂ ಒಂದೊಂದು ದಿಕ್ಕಿಗೆ ಬಾಗಿದರೆ ತ್ರಿಭಂಗ. ಗಮನಿಸಿ, ಸಮ ಎಂಬುದು ಇಲ್ಲಿ ಹಲವು ನಿಲುವುಗಳಲ್ಲಿ ಒಂದು ಮಾತ್ರ. 1117ರ ಬೇಲೂರು ಚೆನ್ನಕೇಶವ ಗುಡಿಯ ಮದನಿಕೆಯರು ಒಬ್ಬೊಬ್ಬರೂ ಬಾಗಿ ಬಳುಕಿ ನಿಂತವರು. ಕನ್ನಡಿ ನೋಡಿಕೊಳ್ಳುವವಳ ಎತ್ತಿದ ಕೈ ಒಂದು ಕಡೆ, ಹೊರಚಾಚಿದ ಸೊಂಟ ಇನ್ನೊಂದು ಕಡೆ. ಬಿದ್ದಾಳು ಎನ್ನುವಷ್ಟು ಬಾಗಿದ್ದರೂ ಬೀಳದ ಹಾಗೆ ಅವಳನ್ನು ಹಿಡಿದಿರುವುದು ಕಣ್ಣಿಗೆ ಕಾಣದ ಒಂದು ನೇರ ಗೆರೆ. ಶಿಲ್ಪಿಗಳ ಮಾತಿನಲ್ಲಿ ಸೂತ್ರ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುವ ತೂಕದ ಗುಂಡು ಎಳೆಯುವ ಗೆರೆಯೂ ಅದೇ. ಆ ಗುಂಡು ಮೊದಲು ತೂಗಾಡುತ್ತದೆ, ಆಮೇಲೆ ನಿಲ್ಲುತ್ತದೆ. ಜೆ.ಪಿ. ನಗರದಲ್ಲಿ ಏಳುತ್ತಿರುವ ಯಾವುದೇ ಕಟ್ಟಡದ ಮುಂದೆ ನಿಂತರೆ ಈ ಕ್ರಿಯಾಪದವನ್ನು ಎರಡೂ ಅರ್ಥದಲ್ಲಿ ಇವತ್ತಿಗೂ ನೋಡಬಹುದು.

ಇಷ್ಟೆಲ್ಲ ಹೇಳಿದ್ದು ಅಂಗಡಿ ಬೋರ್ಡುಗಳ ವಿಷಯಕ್ಕೆ ಬರಲು. ಕನ್ನಡ ಲಿಪಿಯೇ ಒಂದು ತೂಗುವ ಆಟ. ತಲೆಕಟ್ಟು ಮೇಲೆ, ಒತ್ತು ಕೆಳಗೆ, ಕೊಂಬು ಬಲಕ್ಕೆ. ಇಲ್ಲಿನ ಊರ ಹೆಸರುಗಳನ್ನೇ ಬರೆದು ನೋಡಿ. ಜಯನಗರದಲ್ಲಿ ಐದೂ ಅಕ್ಷರ ಗೆರೆಯ ಮೇಲೇ ಕೂರುತ್ತವೆ, ಕೆಳಕ್ಕೆ ಏನೂ ಇಳಿಯುವುದಿಲ್ಲ. ರಾಗಿಗುಡ್ಡದಲ್ಲಿ ಭಾರವೆಲ್ಲ ಕೊನೆಯ ಡ್ಡದಲ್ಲಿ ಇಳಿದು ಪದ ಬಲಕ್ಕೆ ಜಗ್ಗುತ್ತದೆ. ಮೊದಲ ಅಕ್ಷರದ ದೀರ್ಘ ಅದನ್ನು ಸ್ವಲ್ಪ ತಡೆಯುತ್ತದೆ. ಕತ್ರಿಗುಪ್ಪೆ, ಪುಟ್ಟೇನಹಳ್ಳಿಗಳಲ್ಲಿ ಎರಡನೆಯ ಅಕ್ಷರಕ್ಕೊಂದು ಒತ್ತು, ಕೊನೆಯ ಅಕ್ಷರಕ್ಕೊಂದು. ಪುಟ್ಟೇನಹಳ್ಳಿಯನ್ನು ದೊಡ್ಡದಾಗಿ ಬರೆದರೆ ಎರಡು ಕಾಲೂರಿ ನಿಂತ ಹಾಗೆ ಕಾಣುವುದು ಇದರಿಂದ. ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರೂ ಕುಗ್ಗಿ ಬಿಟಿಎಂ ಆದಾಗ ಕಳೆದುಹೋದದ್ದು ಊರ ಹೆಸರುಗಳಷ್ಟೇ ಅಲ್ಲ, ಮೂರು ಚೆಂದದ ಅಕ್ಷರಸಾಲುಗಳೂ ಹೌದು.

2024ರ ಫೆಬ್ರುವರಿಯಲ್ಲಿ ವಿಧಾನಮಂಡಲ ಒಪ್ಪಿದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿಯ ಪ್ರಕಾರ ಫಲಕದ ಶೇ. 60ರಷ್ಟು ಜಾಗ ಕನ್ನಡಕ್ಕೆ, ಅದೂ ಮೇಲ್ಭಾಗದಲ್ಲಿ. ಆ ಕಾನೂನು ಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಜಾಗ ಅಳೆದು ಕೊಟ್ಟ ಮಾತ್ರಕ್ಕೆ ಕನ್ನಡ ತೂಗುವುದಿಲ್ಲ. ಒತ್ತಿಗೂ ಗುಡಿಸಿಗೂ ಜಾಗ ಬಿಟ್ಟು ಒಂದು ಅಡಿ ಎತ್ತರದಲ್ಲಿ ಪುಟ್ಟೇನಹಳ್ಳಿ ಎಂದು ಬರೆದರೆ ಅಕ್ಷರದ ಮೈಗೆ ಉಳಿಯುವುದು ಅರ್ಧ ಅಡಿಯ ಆಸುಪಾಸು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಈ ತೊಂದರೆ ಇಲ್ಲ, ಒಂದು ಅಡಿ ಕೊಟ್ಟರೆ ಪೂರ್ತಿ ಒಂದು ಅಡಿ ಎದ್ದು ನಿಲ್ಲುತ್ತವೆ. ಕಂಪ್ಯೂಟರಿನಲ್ಲಿ ಎರಡನ್ನೂ ಒಂದೇ ಅಳತೆಗೆ ಎಳೆದು ಮುದ್ರಿಸಿದ ಬೋರ್ಡಿನಲ್ಲಿ ಕನ್ನಡ ಮೇಲಿದ್ದೂ ಬಡಕಲಾಗಿ, ಇಂಗ್ಲಿಷು ಕೆಳಗಿದ್ದೂ ಗಟ್ಟಿಯಾಗಿ ಕಾಣುವುದು ಇದಕ್ಕೇ.

ಪರಿಹಾರ ಕಷ್ಟದ್ದಲ್ಲ. ಒತ್ತನ್ನು ಲೆಕ್ಕಕ್ಕೆ ಹಿಡಿಯದೆ ಅಕ್ಷರದ ಮೈಯನ್ನೇ ಇಂಗ್ಲಿಷಿನ ಎತ್ತರಕ್ಕೆ ತರಬೇಕು, ಗೆರೆಯ ದಪ್ಪ ಸ್ವಲ್ಪ ಹೆಚ್ಚಿಸಬೇಕು, ಒತ್ತು ಇಳಿಯಲು ಕೆಳಗೆ ಧಾರಾಳವಾಗಿ ಖಾಲಿ ಬಿಡಬೇಕು. ಆಮೇಲೆ ರಸ್ತೆಯ ಆ ಕಡೆ ಹೋಗಿ, ಕಣ್ಣು ಅರ್ಧ ಮುಚ್ಚಿ ನೋಡಬೇಕು. ಅಕ್ಷರಗಳು ಮಸುಕಾಗಿ ಬರೀ ಕಪ್ಪು ಬಿಳುಪಿನ ಮುದ್ದೆಗಳಷ್ಟೇ ಉಳಿದಾಗ ಯಾವುದು ಭಾರ, ಯಾವುದು ಹಗುರ ಎಂಬುದು ಯಾರಿಗಾದರೂ ಕಾಣುತ್ತದೆ. ಕನ್ನಡ ಹಗುರವಾಗಿ ಕಂಡರೆ ಬೋರ್ಡು ಇನ್ನೂ ತೂಗಿಲ್ಲ. ಇಳಿಸಿ, ಇನ್ನೊಮ್ಮೆ ಬರೆಸಬೇಕು.